ಒಂದು ತೆಂಗಿನಮರ ಮುಂಚೆ

ಕಡೂರಿನ ವಜೀರ್ ಸಾಬರು ತಮ್ಮ ಅರವತ್ತೆರಡು ವರ್ಷದ ಬದುಕಿನಲ್ಲಿ ಇಪ್ಪತ್ತು ವರ್ಷವನ್ನಾದರೂ ಬೇರೆಯವರ ಗಾಡಿಯ ಕೆಳಗೆ ಅಂಗಾತ ಮಲಗಿ ಕಳೆದಿದ್ದಾರೆ. "ನಮ್ಮ ಮನೆಯವರು ಮಲಗಿಕೊಂಡೇ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದರು" ಎಂದು ಅವರ ಹೆಂಡತಿ ಜಾಹೇದಾ ನೆಂಟರ ಮುಂದೆ ಹೇಳುವುದುಂಟು. ಮೇಲಿನಿಂದ ನೋಡಿದರೆ ಒಬ್ಬೊಬ್ಬರ ಗಾಡಿ ಒಂದೊಂದು ಅಂತಸ್ತು, ಕೆಳಗಿನಿಂದ ನೋಡಿದರೆ ಎಲ್ಲರದ್ದೂ ಎಣ್ಣೆ ಸೋರುವುದೇ, ಎನ್ನುವುದು ಸಾಬರ ವೇದಾಂತ. ಇದು ಮಲಗಿಯೇ ಗಳಿಸಿದ ಜ್ಞಾನವಾದ್ದರಿಂದ ಅವರು ಅದನ್ನು ಎದ್ದು ನಿಂತು ಯಾರಿಗೂ ಬೋಧಿಸುವುದಿಲ್ಲ.

ಊರಿನಲ್ಲಿ ಮೆಕ್ಯಾನಿಕ್ಕುಗಳಿಗೆ ಬರವಿಲ್ಲ. ಗಾಡಿಗೆ ಕಂಪ್ಯೂಟರ್ ಸಿಕ್ಕಿಸಿ ಅದರ ಜಾತಕ ಓದುವವರೂ ಬಂದಿದ್ದಾರೆ. ಆದರೆ ಹಳೆಯ ಗಾಡಿಯೊಂದು ಬಂದು "ಸ್ಟೇರಿಂಗ್ ಸಡಿಲ ಆಗಿ ಆಟ ಕೊಡ್ತಾ ಐತೆ" ಎಂದರೆ ಆ ಜ್ಯೋತಿಷಿಗಳು ಕೂಡ ಕೈ ತೋರಿಸುವುದು ಸಾಬರ ತಗಡಿನ ಶೆಡ್ಡಿನ ಕಡೆಗೇ. ಏಕೆಂದರೆ ಈ ಕಾಯಿಲೆ ಯಂತ್ರಕ್ಕೆ ಕಾಣುವಂಥದ್ದಲ್ಲ, ಕೈಗೆ ತಿಳಿಯುವಂಥದ್ದು. ಕಾಯಿಲೆಯ ಮೂಲ ಸಾಮಾನ್ಯವಾಗಿ ಬುಷ್ಷು.

ಬುಷ್ ಎಂದರೇನು ಎಂದು ಕೇಳಿದವರಿಗೆ ಸಾಬರು ತಮ್ಮ ಬೆರಳಿನ ಬೆಳ್ಳಿ ಉಂಗುರ ತೋರಿಸುತ್ತಾರೆ. "ಇಂಥದ್ದೇ ಒಂದು ಕಂಚಿನ ಉಂಗುರ, ಸ್ವಲ್ಪ ಉದ್ದ ಅಷ್ಟೆ. ಕಬ್ಬಿಣಕ್ಕೂ ಕಬ್ಬಿಣಕ್ಕೂ ಮಧ್ಯ ಕೂತ್ಕಂಡು ಅವೆರಡು ತಿಕ್ಕಾಡ್ದಂಗೆ ತಾನು ತಿಕ್ಕಿಸ್ಕಂತದೆ. ತಾನು ಸವೆದು ಅವನ್ನ ಉಳಿಸ್ತದೆ. ಎಲ್ಲಾರ ಮನೇಲೂ ಅಂಥೋರು ಒಬ್ರು ಇರ್ತಾರೆ ನೋಡಿ, ಅಂಗೆ." ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳುವುದು ಕಿಂಗ್ ಪಿನ್ ಎಂಬ ದಪ್ಪ ಉಕ್ಕಿನ ಮೊಳೆಯ ಮೇಲೆ. ಅದಕ್ಕೆ ಮೇಲೊಂದು ಬುಷ್, ಕೆಳಗೊಂದು ಬುಷ್. ರಾಜ ಅಲುಗಾಡದಂತೆ ನೋಡಿಕೊಳ್ಳುವುದು ವಜೀರನ ಕೆಲಸವಲ್ಲದೆ ಇನ್ಯಾರದ್ದು?

ಸಾಬರು ಕೆಲಸ ಕಲಿತದ್ದು ತರೀಕೆರೆಯ ಅಶ್ಫಾಕ್ ಉಸ್ತಾದರ ಬಳಿ. ಉಸ್ತಾದರ ಬಾಯಿಂದ ಬರುತ್ತಿದ್ದ ಮಾತಿಗಿಂತ ಕೈಯಿಂದ ಬರುತ್ತಿದ್ದ ಸ್ಪ್ಯಾನರ್ ಹೆಚ್ಚು. ಅಂಥವರು ಒಂದೇ ಒಂದು ಕಾನೂನನ್ನು ಬಾಯಿಬಿಟ್ಟು ಹೇಳಿದ್ದರು. ಸ್ಟೇರಿಂಗ್ ಬಿಚ್ಚಿ ಕಟ್ಟಿದವನು, ಗಾಡಿ ತನ್ನ ಮನೆಗೆ ಹೋಗುವ ಮೊದಲ ಸವಾರಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತಿರಬೇಕು. "ನೀ ಕಟ್ಟಿದ್ದು ಬಿಚ್ಕಂಡ್ರೆ ಅವರ ಜೊತೆ ನೀನೂ ಹಳ್ಳಕ್ಕೆ ಬೀಳ್ಬೇಕು. ಇದು ತಲೇಲಿದ್ರೆ ನಟ್ಟು ತಾನಾಗೇ ಟೈಟ್ ಆಗ್ತದೆ."

ಈ ಕಾನೂನಿನ ದೆಸೆಯಿಂದ ಸಾಬರು ಮೂರು ತಾಲ್ಲೂಕನ್ನು ಹಿಂದಿನ ಸೀಟಿನಿಂದಲೇ ನೋಡಿದ್ದಾರೆ. ಪಂಚನಹಳ್ಳಿಯ ತೋಟಗಳಲ್ಲಿ ಎಳನೀರು ಕುಡಿದಿದ್ದಾರೆ, ಅಜ್ಜಂಪುರದ ಜಗಲಿಗಳಲ್ಲಿ ಮಂಡಕ್ಕಿ ತಿಂದಿದ್ದಾರೆ, ಪ್ರತಿ ಸಲವೂ ಬಸ್ಸಿನಲ್ಲಿ ಮನೆಗೆ ಮರಳಿದ್ದಾರೆ. ಒಂದು ಗಾಡಿಯೂ ಹಳ್ಳಕ್ಕೆ ಬಿದ್ದಿರಲಿಲ್ಲ. ನಲವತ್ತು ವರ್ಷದಲ್ಲಿ ಒಂದೇ ಒಂದು ಸಲ ಅವರು ಹಿಂದಿನ ಸೀಟಿನಲ್ಲಿ ಕೂರಲಿಲ್ಲ. ಈ ಕಥೆ ಆ ಒಂದು ಸಲದ್ದು.

ಚೌಳಹಿರಿಯೂರಿನ ಕೆಂಚಪ್ಪನವರ ಫಿಯಟ್ ಕಾರು ವಯಸ್ಸಿನಲ್ಲಿ ಸಾಬರಿಗಿಂತ ಐದು ವರ್ಷ ಹಿರಿದು. ಕೆಂಚಪ್ಪನವರ ತಂದೆ ಕೊಂಡದ್ದು, ಮಜ್ಜಿಗೆಯ ಬಣ್ಣದ್ದು, ಎದುರಿನಿಂದ ನೋಡಿದರೆ ಊಟ ಮಾಡಿ ತೃಪ್ತರಾದ ಯಜಮಾನರೊಬ್ಬರ ಮುಖದಂತಿರುವಂಥದ್ದು. ಕೆಂಚಪ್ಪನವರಿಗೆ ಎಪ್ಪತ್ತಾರು. ಕಣ್ಣಿನ ಆಪರೇಷನ್ ಆದಮೇಲೆ ದೂರದ ತೆಂಗಿನಮರದಲ್ಲಿ ಕಾಯಿ ಎಷ್ಟಿವೆ ಎಂದು ಎಣಿಸುವಷ್ಟು ದೃಷ್ಟಿ. ಲೈಸೆನ್ಸು ಚಾಲ್ತಿಯಲ್ಲಿದೆ. ಪಕ್ಕದ ಸೀಟಿನಲ್ಲಿ ಹೆಂಡತಿ ಹುಚ್ಚಮ್ಮನವರು. ವಾರಕ್ಕೊಮ್ಮೆ ಇಬ್ಬರೂ ಕಡೂರಿಗೆ ಬಂದು, ಸಾಮಾನು ಕೊಂಡು, ಹೋಟೆಲಿನಲ್ಲಿ ಒಂದು ಖಾಲಿ ದೋಸೆಯನ್ನು ಇಬ್ಬರೂ ಹಂಚಿಕೊಂಡು ತಿಂದು ವಾಪಸಾಗುವುದು ಎಷ್ಟೋ ವರ್ಷದ ಪದ್ಧತಿ.

ಹುಚ್ಚಮ್ಮನವರು ಕಾರಿನಲ್ಲಿ ಬಾಯಿ ಮುಚ್ಚಿ ಕೂತದ್ದನ್ನು ಕಂಡವರಿಲ್ಲ. "ಎಡಕ್ಕೆ ಕಣ್ರೀ... ಹೂಂ, ಬಲಕ್ಕೆ... ಎಮ್ಮೆ ಐತೆ, ಎಮ್ಮೆ... ಇಗಾ, ತಿರುವು ಬಂತು." ಕಾರಿಗೆ ರೇಡಿಯೋ ಹಾಕಿಸಿಲ್ಲವೇಕೆ ಎಂದು ಕೇಳಿದವರಿಗೆ ಕೆಂಚಪ್ಪನವರು ಸುಮ್ಮನೆ ಎಡಗಡೆ ನೋಡುತ್ತಿದ್ದರು. ಊರವರೂ, ಮಗ ತೀರ್ಥೇಶನೂ, ಸ್ವತಃ ವಜೀರ್ ಸಾಬರೂ ಇದನ್ನು ಹೆಂಡತಿಯರ ಸಹಜ ಗುಣವೆಂದೇ ತಿಳಿದಿದ್ದರು. ತಪ್ಪು ಶುರುವಾದದ್ದು ಅಲ್ಲಿಂದ.

ಈ ವರ್ಷ ಕಾರಿನ ನೋಂದಣಿ ನವೀಕರಣಕ್ಕೆಂದು ತರೀಕೆರೆಯ ಆರ್.ಟಿ.ಓ. ಕಚೇರಿಗೆ ಒಯ್ದಾಗ ಇನ್ಸ್‌ಪೆಕ್ಟರು ಕಿಟಕಿಯಿಂದ ಕೈ ಹಾಕಿ ಸ್ಟೇರಿಂಗ್ ತಿರುಗಿಸಿದರು. ಚಕ್ರ ಅಲ್ಲಾಡಲಿಲ್ಲ. ಇನ್ನೂ ತಿರುಗಿಸಿದರು. ಕಾಲು ಸುತ್ತು ಆದಮೇಲೆ ಚಕ್ರಕ್ಕೆ ಸುದ್ದಿ ಮುಟ್ಟಿತು.

"ಯಜಮಾನ್ರೆ, ಇದು ಸ್ಟೇರಿಂಗಾ, ಹಳೇ ರೇಡಿಯೋ ಬಿರಡೆನಾ?" ಎಂದರು ಅವರು, ಮರ್ಯಾದೆಯಿಂದಲೇ. "ರಿಪೇರಿ ಮಾಡಿಸ್ಕಂಡು ಬನ್ನಿ, ಖಂಡಿತ ಪಾಸ್ ಮಾಡ್ತೀನಿ."

ಹೀಗೆ ಕಾರು ಸಾಬರ ಶೆಡ್ಡಿಗೆ ಬಂತು. ಜಾಕ್ ಹಾಕಿ ಎತ್ತಿ, ಮುಂದಿನ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಮುದುಕರ ಹಲ್ಲಿನಂತೆ ಗಡಗಡ ಎಂದಿತು. ಸಾಬರಿಗೆ ಹಬ್ಬ. ಎರಡು ದಿನ ಸೀಮೆಎಣ್ಣೆ ಕುಡಿಸಿ, ಮೂರನೆಯ ದಿನ ಸುತ್ತಿಗೆಯಿಂದ ಓಲೈಸಿ, ಪಿನ್ನುಗಳನ್ನು ಹೊರತೆಗೆದರು. ಹಳೆಯ ಬುಷ್ಷುಗಳು ಒಂದು ಕಡೆ ರೂಪಾಯಿಯಷ್ಟು ದಪ್ಪ, ಇನ್ನೊಂದು ಕಡೆ ಈರುಳ್ಳಿ ಸಿಪ್ಪೆ. ಹೊಸದು ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ತರೀಕೆರೆಗೆ ಹೋಗಿ, ಲೇತಿನ ಪಕ್ಕದಲ್ಲಿ ತಾವೇ ನಿಂತು, ಕಂಚಿನ ಸರಳಿನಿಂದ ನಾಲ್ಕನ್ನು ಕಡೆಸಿಕೊಂಡು ಬಂದರು.

ಆ ನಾಲ್ಕೂ ಒಂದು ರಾತ್ರಿ ಜಾಹೇದಾರ ಫ್ರಿಜ್ಜಿನಲ್ಲಿ, ಐಸು ಕಟ್ಟುವ ಖಾನೆಯೊಳಗೆ, ಹಸಿಬಟಾಣಿಯ ಪಕ್ಕದಲ್ಲಿ ಕಳೆದವು. ತಣ್ಣಗಾದ ಲೋಹ ಕೂದಲೆಳೆಯಷ್ಟು ಕುಗ್ಗುತ್ತದೆ. ಕುಗ್ಗಿದಾಗ ಕೂರಿಸಿದರೆ ಸಲೀಸಾಗಿ ಒಳಗೆ ಹೋಗಿ, ಬೆಚ್ಚಗಾದಮೇಲೆ ಬಿಗಿಯಾಗಿ ಕೂರುತ್ತದೆ. "ಮಾತ್ರೆ ಡಬ್ಬಿ ಇಡೋಕೆ ಜಾಗ ಇಲ್ಲ, ಕಂಡೋರ ಕಾರಿನ ಕೀಲಿಗೆ ಎ.ಸಿ. ರೂಮು" ಎಂದು ಜಾಹೇದಾ ಗೊಣಗಿದರು. ಗೊಣಗುತ್ತಲೇ ಬಟಾಣಿಯನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದರು.

ಬುಷ್ ಕೂರಿಸುವಾಗ ಅದರ ತೂತು ಗ್ರೀಸು ಬರುವ ತೂತಿಗೆ ಸರಿಯಾಗಿ ಎದುರಾಗಬೇಕು. ಸಾಬರು ಬೆಂಕಿಕಡ್ಡಿ ತೂರಿಸಿ ನೋಡಿದರು, ಸರಿಯಾಗಿತ್ತು. ಆಮೇಲೆ ರೀಮರ್ ಹಿಡಿದು ಒಳಗನ್ನು ಒಂದೊಂದೇ ಎಳೆ ಹೆರೆಯುತ್ತ, ಒರೆಸುತ್ತ, ಪಿನ್ ಇಳಿಸಿ ನೋಡುತ್ತ ಒಂದು ಇಡೀ ದಿನ ಕಳೆದರು. ಪಿನ್ ತಾನಾಗಿ ಜಾರಬಾರದು, ನೂಕಿದರೆ ತಡೆಯಲೂಬಾರದು. ಹೆಬ್ಬೆರಳಿಟ್ಟರೆ ಜೇನುತುಪ್ಪ ಇಳಿದಂತೆ ಇಳಿಯಬೇಕು. ಸಂಜೆಯ ಹೊತ್ತಿಗೆ ಇಳಿಯಿತು.

ತರೀಕೆರೆಗೆ ಕಾರನ್ನು ಸಾಬರೇ ಓಡಿಸಿಕೊಂಡು ಹೋದರು. ಒಬ್ಬರೇ. ಹೆದ್ದಾರಿಯಲ್ಲಿ ದಾರ ಹಿಡಿದು ಗೆರೆ ಎಳೆದಂತೆ ಹೋಯಿತು. ಇನ್ಸ್‌ಪೆಕ್ಟರು ಮತ್ತೆ ಕಿಟಕಿಯಿಂದ ಕೈ ಹಾಕಿದರು. ಒಂದು ಬೆರಳು ಅಲ್ಲಾಡಿಸಿದರೆ ಚಕ್ರವೂ ಅಲ್ಲಾಡಿತು. "ಯಾರ್ರೀ ಮಾಡಿದ್ದು?" ಎಂದರು. ಸಾಬರು ಹೆಮ್ಮೆಯಿಂದ ಗಡ್ಡ ಸವರಿಕೊಂಡರು. ಆ ಗಡ್ಡ ಸವರಿದ್ದೇ ಅನಾಹುತಕ್ಕೆ ಮೂಲವಾಯಿತೆಂದು ಆಮೇಲೆ ಅವರಿಗೇ ಅನ್ನಿಸಿತು.

ಶುಕ್ರವಾರ ಮಧ್ಯಾಹ್ನ ಕೆಂಚಪ್ಪ ದಂಪತಿ ಕಾರು ಒಯ್ಯಲು ಬಂದಾಗ ಸಾಬರು ಜುಮಾ ನಮಾಜಿಗೆ ಹೊರಟು ನಿಂತಿದ್ದರು. ಹಳೆಯ ಬುಷ್ಷುಗಳನ್ನು, ರೂಢಿಯಂತೆ, ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ಯಜಮಾನರ ಕೈಗೆ ಕೊಟ್ಟರು.

"ನೀವು ಹಿಂದ್ಗಡೆ ಕೂರಕಿಲ್ವಾ ಸಾಬ್ರೆ?" ಎಂದು ಹುಚ್ಚಮ್ಮನವರು ಕೇಳಿದ್ದೂ ಹೌದು. "ನಿಮಗೆ ಅಂತ ಕೋಡುಬಳೆ ಮಾಡಿಟ್ಟಿದೀನಿ."

"ತರೀಕೆರೆ ತಂಕ ನಾನೇ ಓಡಿಸಿದೀನಲ್ಲಮ್ಮ, ಇನ್ನೇನ್ ನೋಡೋದೈತೆ? ಹೂ ಎತ್ತಿದಂಗೆ ಹೋಗ್ತದೆ. ಹೋಗಿ ಬನ್ನಿ."

ಸಂಜೆ ನಾಲ್ಕಕ್ಕೆ ತೀರ್ಥೇಶನ ಫೋನು ಬಂತು. "ಸಾಬ್ರೆ, ಅದೇನ್ ಮಾಡಿದ್ರಿ ಗಾಡಿಗೆ? ದಾರೀಲೆಲ್ಲ ಅಡ್ಡಾದಿಡ್ಡಿ ಬಂದು, ನಮ್ಮ ತೋಟದ ತಿರುವಲ್ಲಿ ಅಪ್ಪ ಕಾಯಿಸಿಪ್ಪೆ ರಾಶಿಗೇ ನುಗ್ಗಿಸ್ಬಿಟ್ಟವ್ರೆ!"

ಸಾಬರ ಕೈಲಿದ್ದ ಲೋಟ ಅಲ್ಲೇ ನಿಂತಿತು. "ಅವರಿಗೆ ಏನಾರ ಆಯ್ತಾ?"

"ಏನೂ ಆಗಿಲ್ಲ. ಮೆತ್ತಗಿತ್ತು ರಾಶಿ. ಲೈಟಿನ ಬಳೆ ಒಂದು ನೆಗ್ಗೈತೆ, ಅಷ್ಟೆ. ಆದ್ರೆ ಸಿಪ್ಪೆ ಬದ್ಲು ಮರ ಇದ್ದಿದ್ರೆ? ಬಾವಿ ಇದ್ದಿದ್ರೆ? ನಂಗೆ ಸಾಕಾಯ್ತು ಸಾಬ್ರೆ. ಬೆಂಗಳೂರೋರು ಒಬ್ರು ಹಳೇ ಕಾರು ಕೂಡಿಡೋರು ವರ್ಷದಿಂದ ಕೇಳ್ತಾವ್ರೆ. ಸೋಮವಾರ ಬಂದು ನೋಡ್ಕಂಡು ತಗಂಡು ಹೋಗ್ಲಿ ಅಂದೀನಿ."

ತೀರ್ಥೇಶ ಕೆಟ್ಟ ಮಗನಲ್ಲ. ಅಪ್ಪ ಅಮ್ಮನ ಜೊತೆಯಲ್ಲೇ ಇದ್ದು ತೋಟ ನೋಡಿಕೊಳ್ಳುವವನು, ಅವರು ಕಾರು ತೆಗೆದರೆ ವಾಪಸು ಬರುವ ತನಕ ಬಾಗಿಲಲ್ಲೇ ನಿಲ್ಲುವವನು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಸಾಬರಿಗೆ ಹೆಚ್ಚು ನೋವಾಯಿತು. ಭಾನುವಾರ ಬುಕ್ಕಾಂಬುಧಿಯಲ್ಲಿ ತೀರ್ಥೇಶನ ಮಗಳು ನಿಶ್ಚಿತಾಳ ಕೂಸಿಗೆ ನಾಮಕರಣ. ಮರಿಮಗಳನ್ನು ನೋಡಲು ಇದೇ ಕಾರಿನಲ್ಲಿ ಹೋಗಬೇಕೆಂದು ಆ ಮುದುಕರು ತಿಂಗಳಿಂದ ಎಣಿಸುತ್ತಿದ್ದರು. ಈಗ ಕಾರೇ ಹೋಗುತ್ತದೆ. ಅದೂ ತಮ್ಮ ಕೈಯಿಂದ.

"ಕೈಕು ಜೀ, ಯಾಕ್ ಹಿಂಗೆ? ಚಹಾ ಆರಿ ನೀರಾಯ್ತಲ್ಲ?" ಎಂದು ಜಾಹೇದಾ ಮನೆಮಾತಿನಲ್ಲಿ ಕೇಳಿದರು.

ಸಾಬರು ನಡೆದದ್ದನ್ನು ಹೇಳಿದರು. ಜಾಹೇದಾ ಸ್ವಲ್ಪ ಹೊತ್ತು ಅಕ್ಕಿ ಆರಿಸಿದರು.

"ಬುಷ್ ಸರಿ ಕೂತಿತ್ತಾ?"

"ಹೆಬ್ಬೆರಳಲ್ಲಿ ಇಳೀತು."

"ನೀವು ಹಿಂದೆ ಕೂತಿದ್ರಾ?"

"ಇಲ್ಲ."

"ಮತ್ತೆ ಇಲ್ಲಿ ಕೂತು ಏನ್ ಮಾಡ್ತಿದೀರಿ? ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋಗಿ, ಅಲ್ಲಿ ಕೂತ್ಕೊಳ್ಳಿ."

ಶನಿವಾರ ಬೆಳಿಗ್ಗೆ ಸಾಬರು ಸಲಕರಣೆಯ ಚೀಲ ಹೆಗಲಿಗೇರಿಸಿ ಚೌಳಹಿರಿಯೂರಿನಲ್ಲಿ ಇಳಿದರು. ಕಾರು ಅಂಗಳದಲ್ಲಿ ನಿಂತಿತ್ತು, ಮುಂದಿನ ಜಾಲರಿಗೆ ತೆಂಗಿನ ನಾರು ಸಿಕ್ಕಿಕೊಂಡು ಮೀಸೆ ಬಿಟ್ಟಂತೆ ಕಾಣುತ್ತಿತ್ತು. ಕೆಂಚಪ್ಪನವರು ಜಗಲಿಯ ಮೇಲೆ ಆ ತಗಡಿನ ಡಬ್ಬಿಯನ್ನು ಹಿಡಿದು ಕೂತಿದ್ದರು.

"ಬಂದ್ರಾ? ಬುಷ್ ಹಾಕಿದ್ರಿ ಸಾಬ್ರೆ, ಖುಷ್ ಹೋಯ್ತು." ಡಬ್ಬಿಯನ್ನು ಗಲಗಲ ಆಡಿಸಿದರು. "ತಗಳಿ. ಇವನ್ನೇ ವಾಪಸ್ ಹಾಕ್ಬಿಡಿ. ಇವು ಇದ್ದಾಗ ಗಾಡಿ ನನ್ನ ಮಾತು ಕೇಳ್ತಿತ್ತು."

ಒಂದು ಕ್ಷಣ ಸಾಬರ ಕೈ ಡಬ್ಬಿಯ ಕಡೆ ಹೋದದ್ದು ಸುಳ್ಳಲ್ಲ. ಆಮೇಲೆ ಹಿಂದಕ್ಕೆ ಬಂತು. "ಸವೆದ ಬುಷ್ ನನ್ನ ಕೈಯಾರೆ ಹಾಕಿದ್ರೆ ಉಸ್ತಾದ್ ಗೋರಿಯಿಂದ ಎದ್ದು ಬಂದು ಸ್ಪ್ಯಾನರ್ ಬೀಸ್ತಾರೆ ಯಜಮಾನ್ರೆ. ತಪ್ಪು ಎಲ್ಲೈತೆ ನೋಡಾಣ, ತಡೀರಿ."

ಜಾಕ್ ಹಾಕಿದರು, ಚಕ್ರ ಅಲ್ಲಾಡಿಸಿದರು. ಗಪ್‌ಚಿಪ್. ಕೆಳಗೆ ಮಲಗಿ ಒಂದೊಂದು ನಟ್ಟನ್ನೂ ಮುಟ್ಟಿ ಮಾತಾಡಿಸಿದರು. ಎಲ್ಲ ಸ್ವಸ್ಥ. ತಾವೇ ಊರ ಕೊನೆಯ ತನಕ ಓಡಿಸಿಕೊಂಡು ಬಂದರು. ದಾರದಂತೆ ಹೋಯಿತು. ಕೆಂಚಪ್ಪನವರನ್ನು ಕೂರಿಸಿ, "ನೀವೊಬ್ರೇ ತೋಟದಾಗೆ ಒಂದು ಸುತ್ತು ಬನ್ನಿ" ಎಂದರು. ಅವರು ಹೋಗಿ, ತಿರುವಿನಲ್ಲಿ ನಿಧಾನಿಸಿ, ಚೆನ್ನಾಗಿಯೇ ಬಂದರು.

ಪಂಪಿನ ಮನೆಯಿಂದ ಬಂದ ತೀರ್ಥೇಶ ನೋಡುತ್ತ ನಿಂತಿದ್ದ. "ಹಂಗಾರೆ ನಿನ್ನೆ ದೆವ್ವ ಬಂದಿತ್ತಾ ಸಾಬ್ರೆ?"

"ದೆವ್ವನೋ ದೇವರೋ, ನಿನ್ನೆ ಹೆಂಗೆ ಬಂದ್ರೋ ಹಂಗೇ ಇವತ್ತೂ ಹೋಗ್ಬೇಕು. ನಾನು ಹಿಂದೆ ಕೂರ್ತೀನಿ. ಅಮ್ಮಾರನ್ನ ಕರೀರಿ."

ಹುಚ್ಚಮ್ಮನವರು ಒಳಗಿನಿಂದಲೇ ಮಾತಾಡಿದರು, ಜೊತೆಗೆ ಒಂದು ಪಾತ್ರೆಯೂ ಮಾತಾಡಿತು. "ನಾನ್ಯಾಕೆ? ನಿನ್ ಗದ್ದಲದಿಂದ್ಲೇ ಅಪ್ಪಂಗೆ ಗಾಬರಿ ಆಗಿದ್ದು ಅಂತ ಮಗ ತೀರ್ಪು ಕೊಟ್ಟಾಯ್ತು. ಬಾಯಿ ಇದ್ದದ್ದೇ ಪಾಪ."

"ಕೋಡುಬಳೆ ಕೊಡ್ತೀನಿ ಅಂದಿದ್ರಿ" ಎಂದರು ಸಾಬರು.

ಕೋಡುಬಳೆಯ ಡಬ್ಬಿ ಹಿಡಿದು ಹುಚ್ಚಮ್ಮನವರು ಬಂದು ಕೂತರು.

ತೋಟದ ದಾರಿಗೆ ಎರಡು ಕಡೆಯೂ ತೆಂಗಿನ ಸಾಲು. ಕಾರು ಎತ್ತಿನ ನಡಿಗೆಯಲ್ಲಿ ಹೊರಟಿತು. ಎಡ ತಿರುವು ಇನ್ನೂ ಮೂರು ಮರದಾಚೆ ಇತ್ತು. "ಎಡಕ್ಕೆ ಕಣ್ರೀ" ಎಂದರು ಹುಚ್ಚಮ್ಮನವರು. ಕೆಂಚಪ್ಪನವರ ಕೈ ಆ ಕ್ಷಣವೇ ಎಡಕ್ಕೆ ತಿರುಗಿತು. ಕಾರೂ ಆ ಕ್ಷಣವೇ ತಿರುಗಿತು. ಎದುರಿಗೆ ತಿರುವಿರಲಿಲ್ಲ, ಮರವಿತ್ತು. ಒಂದು ಗೇಣು ಇರುವಾಗ ಬ್ರೇಕು ಹಿಡಿಯಿತು. ಸಾಬರ ಬಾಯಲ್ಲಿದ್ದ ಕೋಡುಬಳೆ ತಾನಾಗಿ ಮುರಿಯಿತು.

"ನೋಡಿದ್ರಾ?" ಎಂದರು ಕೆಂಚಪ್ಪನವರು.

ಸಾಬರು ನೋಡಿದ್ದರು. ಇನ್ನೊಂದು ಸಲ ನೋಡಬೇಕೆಂದರು. ಬಲ ತಿರುವಿನಲ್ಲೂ ಅದೇ ಕಥೆ: ಮೂರು ಮರ ಮುಂಚೆ ಮಾತು, ಮಾತಿನ ಬೆನ್ನಿಗೇ ಕೈ. ಕೆಂಚಪ್ಪನವರ ಕಣ್ಣು ರಸ್ತೆಯ ಮೇಲಿತ್ತು, ಕೈ ಮಾತ್ರ ಹೆಂಡತಿಯ ದನಿಯ ಮೇಲಿತ್ತು. ಒಬ್ಬರೇ ಇದ್ದರೆ ಕಣ್ಣು ಓಡಿಸುತ್ತಿತ್ತು. ಹೆಂಡತಿ ಪಕ್ಕಕ್ಕೆ ಬಂದು ಕೂತೊಡನೆ ಕಿವಿ ಓಡಿಸುತ್ತಿತ್ತು.

ಹಿಂದಿನ ಸೀಟಿನಲ್ಲಿ ಸಾಬರಿಗೆ ಎಲ್ಲವೂ ಬಿಚ್ಚಿಕೊಂಡಿತು. ಬುಷ್ ಸವೆದದ್ದು ಒಂದು ದಿನದಲ್ಲಲ್ಲ, ಮೂವತ್ತು ವರ್ಷದಲ್ಲಿ. ಸ್ಟೇರಿಂಗು ಪ್ರತಿ ವರ್ಷ ಕೂದಲೆಳೆಯಷ್ಟು ಸೋಮಾರಿಯಾದಂತೆ ಹುಚ್ಚಮ್ಮನವರೂ, ತಮಗೇ ತಿಳಿಯದಂತೆ, ಪ್ರತಿ ವರ್ಷ ಒಂದು ಮೊಳ ಮುಂಚೆ ಹೇಳುತ್ತ ಬಂದಿದ್ದರು. ಅವರು ಹೇಳಬೇಕು, ಇವರು ತಿರುಗಿಸಬೇಕು, ಆ ಕಾಲು ಸುತ್ತು ಖಾಲಿ ಹೋಗಬೇಕು. ಅಷ್ಟರಲ್ಲಿ ಮೂರು ಮರ ದಾಟಿ ಸರಿಯಾಗಿ ತಿರುವು ಬರುತ್ತಿತ್ತು. ಊರೆಲ್ಲ ಗೊಣಗಾಟ ಎಂದುಕೊಂಡದ್ದು ಆ ಗಾಡಿಯ ಅರ್ಧ ಸ್ಟೇರಿಂಗು. ತಾವು ಲೋಹದ ಅರ್ಧವನ್ನು ರಿಪೇರಿ ಮಾಡಿ, ಮನುಷ್ಯರ ಅರ್ಧವನ್ನು ಹಾಗೇ ಬಿಟ್ಟು, ಗಡ್ಡ ಸವರಿಕೊಂಡು ನಮಾಜಿಗೆ ಹೋಗಿದ್ದರು.

"ಅಮ್ಮಾ, ನಾಲ್ಕು ಬುಷ್ ಬದ್ಲಾಯಿಸ್ದೆ. ಐದನೇದು ಮುಂದಿನ ಸೀಟಲ್ಲೇ ಐತೆ ಅಂತ ಗೊತ್ತಾಗ್ಲಿಲ್ಲ."

"ನಾನು ಸವೆದಿದೀನಿ ಅಂತೀರಾ?"

"ಸವೆದಿದ್ರೆ ಕೆಲ್ಸ ಸುಲಭ ಇತ್ತು ತಾಯಿ. ನೀವು ಭಾರಿ ಕರೆಕ್ಟಾಗಿ ಕೂತಿದೀರಿ. ಹಳೇ ಸ್ಟೇರಿಂಗ್‌ಗೆ." ಆಮೇಲೆ ಮೂರು ಮರದ ಲೆಕ್ಕವನ್ನು ಬಿಡಿಸಿ ಹೇಳಿದರು.

"ಅಷ್ಟೇನಾ? ಹಂಗಾರೆ ಸುಮ್ಕಿರ್ತೀನಿ ಬಿಡಿ" ಎಂದು ಹುಚ್ಚಮ್ಮನವರು ತುಟಿ ಬಿಗಿದರು. ಕಾರು ಹೊರಟಿತು. ತಿರುವಿನ ಹತ್ತಿರ ಬಂದು ನಿಂತಿತು.

"ಯಾಕಪ್ಪಾ ನಿಲ್ಸಿದೆ?" ಎಂದು ಹೊರಗಿನಿಂದ ತೀರ್ಥೇಶ ಕೂಗಿದ.

"ಇವಳೇನೂ ಹೇಳ್ಲಿಲ್ವಲ್ಲ" ಎಂದರು ಕೆಂಚಪ್ಪನವರು, ಆ ಪ್ರಶ್ನೆಯೇ ವಿಚಿತ್ರವೆಂಬಂತೆ.

ತೀರ್ಥೇಶ ತಲೆ ಚಚ್ಚಿಕೊಂಡ. "ಅವ್ವಾ, ನೀನು ಹಿಂದೆ ಕೂತ್ಕೊ, ಆಗೋಯ್ತು."

ಹುಚ್ಚಮ್ಮನವರ ಮುಖ ಇಳಿಯಿತು. ಅವರು ಬಾಗಿಲು ತೆಗೆದು ಇಳಿದೇ ಬಿಟ್ಟರು. "ಮದುವೆಯಾಗಿ ಈ ಗಾಡೀಲಿ ಬಂದ ದಿನ ನಮ್ಮಾವ ನನ್ನ ಮುಂದೆ ಕೂರಿಸಿದ್ರು. ಹಿಂದೆ ಕೂತು ಗೊತ್ತಿಲ್ಲ ನಂಗೆ. ನಾಳೆ ನಿನ್ ಪಿಕಪ್ಪಲ್ಲೇ ಬತ್ತೀನಿ ಬಿಡು. ಮಾರ್ಕಳಿ ಅತ್ಲಾಗೆ." ಹೇಳಿ, ಸೆರಗು ಹೊದ್ದು, ತೆಂಗಿನಮರವೊಂದರ ಬುಡದಲ್ಲಿ ಕೂತರು.

ಸಾಬರು ಹೋಗಿ ಎದುರು ಕುಕ್ಕರಗಾಲಲ್ಲಿ ಕೂತರು. "ಅಮ್ಮಾ, ಬುಷ್ ಬಿಗಿ ಇದ್ರೆ ನಾನು ಅದನ್ನ ಬಿಸಾಕಲ್ಲ. ಎಳೆ ಎಳೆ ಹೆರೆದು ಕೂರಿಸ್ತೀನಿ. ನಿಮ್ಮ ಎಲೆಡಿಕೆ ಚೀಲ ಕೊಡಿ."

"ಯಾಕೆ? ಹಾಕ್ಕಂತೀರಾ?"

"ಸುಣ್ಣ ಬೇಕು."

ಸುಣ್ಣದ ಡಬ್ಬಿ ಹಿಡಿದು ಸಾಬರು ದಾರಿಯುದ್ದ ಹೋದರು. ಪ್ರತಿ ತಿರುವಿಗೂ ಸರಿಯಾಗಿ ಒಂದು ಮರ ಮುಂಚೆ, ಬೊಡ್ಡೆಗೆ ಒಂದು ಬೆರಳಿನ ಬಿಳಿ ಬೊಟ್ಟಿಟ್ಟರು. "ಮೂರು ಮರ ಮರ್ತು ಬಿಡಿ. ಬೊಟ್ಟು ಬಂದಾಗ ಹೇಳಿ. ಇದಕ್ಕೆ ನೀವೇ ಬೇಕು, ಎಲ್ಲೂ ಸಿಗೋ ಸಾಮಾನಲ್ಲ."

ಹುಚ್ಚಮ್ಮನವರು ಸಾಬರನ್ನೂ ಬೊಟ್ಟನ್ನೂ ನೋಡಿದರು. ಎದ್ದು, ಸೀರೆಗೆ ಹತ್ತಿದ ಧೂಳು ಕೊಡವಿದರು.

ಮೊದಲ ಸುತ್ತಿನಲ್ಲಿ ಅವರ ಬಾಯಿ ಮೂರು ಸಲ ಅವಸರ ಮಾಡಿತು. ಎರಡನೆಯದರಲ್ಲಿ ಅವಸರ ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು, ಹೇಳಿದ್ದು ಕೇಳಿಸದೆ ಕಾರು ನಿಂತಿತು. ನಾಲ್ಕನೆಯ ಸುತ್ತಿಗೆ "ಎಡಕ್ಕೆ ಕಣ್ರೀ" ಎನ್ನುವುದು ಉದ್ದವಾಯಿತೆಂದು ಸಾಬರು "ಎಡ" ಎಂದಷ್ಟಕ್ಕೆ ಕತ್ತರಿಸಿದರು. ಏಳನೆಯ ಸುತ್ತಿನಲ್ಲಿ ಮಾತು, ಕೈ, ಚಕ್ರ, ತಿರುವು ನಾಲ್ಕೂ ಒಂದೇ ತಾಳಕ್ಕೆ ಬಿದ್ದವು. ಜೇನುತುಪ್ಪ ಇಳಿದಂತೆ ಕಾರು ತಿರುಗಿತು. ಹಿಂದಿನ ಸೀಟಿನಲ್ಲಿ ಸಾಬರ ಹೆಬ್ಬೆರಳು ತಾನಾಗಿ ಕೆಳಕ್ಕೆ ಒತ್ತಿತು.

"ಇದು ತೋಟ" ಎಂದ ತೀರ್ಥೇಶ, ಸೋಲೊಪ್ಪದೆ. "ನಾಳೆ ಬುಕ್ಕಾಂಬುಧಿ ಕೆರೆ ಏರಿ ಮೇಲೆ ಹೋಗ್ಬೇಕು. ಒಂದು ಕಡೆ ನೀರು. ಅಲ್ಲಿ ಯಾರ ಬೊಟ್ಟೂ ಇರಕಿಲ್ಲ. ನಾನೂ ಗಾಡೀಲಿ ಇರ್ತೀನಿ. ಒಂದ್ಸಲ ಎಗರಿದ್ರೂ ಸೋಮವಾರ ಗಾಡಿ ಬೆಂಗಳೂರಿಗೆ."

"ನ್ಯಾಯ" ಎಂದರು ಕೆಂಚಪ್ಪನವರು. ಸಾಬರು ಅಂದು ಊರಿಗೆ ಹಿಂತಿರುಗಲಿಲ್ಲ.

ಭಾನುವಾರ ಬೆಳಿಗ್ಗೆ ಕಾರು ಹೊರಟಿತು. ಹಿಂದೆ ಸಾಬರು ಮತ್ತು ತೀರ್ಥೇಶ, ನಡುವೆ ತೊಟ್ಟಿಲಿಗೆಂದು ಒಯ್ಯುತ್ತಿದ್ದ ಹಾಸಿಗೆ ಗಂಟು. ತೀರ್ಥೇಶ ಮುಂದಿನ ಸೀಟನ್ನು ಬಸ್ಸಿನ ಕಂಬಿ ಹಿಡಿದಂತೆ ಹಿಡಿದಿದ್ದ. ಊರಿನ ತಿರುವುಗಳು ಸಲೀಸಾಗಿ ಕಳೆದವು. ಆಮೇಲೆ ಮರಗಳು ಕಡಿಮೆಯಾಗಿ, ಏರಿ ಬಂತು. ಎಡಕ್ಕೆ ಆ ಹಳೆಯ ದೊಡ್ಡ ಕೆರೆ ಬಿಸಿಲಿನಲ್ಲಿ ಹಾಸಿಕೊಂಡಿತ್ತು. ಏರಿಯ ಕೊನೆಯಲ್ಲಿ ದಾರಿ ಬಲಕ್ಕೆ ಮಡಚಿ ಕೆಳಗಿಳಿಯುತ್ತದೆ. ಎಣಿಸಲು ಒಂದು ತೆಂಗಿನಮರವಿಲ್ಲ. ಇದನ್ನು ಸಾಬರು ಯೋಚಿಸಿರಲಿಲ್ಲ.

ತಿರುವು ಹತ್ತಿರವಾಯಿತು. ಹುಚ್ಚಮ್ಮನವರು ಮಾತಾಡಲಿಲ್ಲ. ಇನ್ನೂ ಹತ್ತಿರವಾಯಿತು. ಮಾತಾಡಲಿಲ್ಲ. ಕೆಂಚಪ್ಪನವರ ಕೈ ಕಾಯುತ್ತಿತ್ತು. ತೀರ್ಥೇಶ "ಅವ್ವಾ" ಎನ್ನಲು ಬಾಯಿ ತೆರೆದ. ಸಾಬರು ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದರು. ಉಸ್ತಾದರು ಹೇಳಿದ ನಟ್ಟು ಟೈಟಾಗುವುದೆಂದರೇನೆಂದು ಅವರಿಗೆ ಎದೆಯೊಳಗೇ ತಿಳಿಯುತ್ತಿತ್ತು.

"ಬಲ" ಎಂದರು ಹುಚ್ಚಮ್ಮನವರು, ಮೆಲ್ಲಗೆ.

ಕಾರು ಬಲಕ್ಕೆ ಹೊರಳಿ, ನೀರಿಗೆ ಬೆನ್ನು ಹಾಕಿ, ಇಳಿಜಾರಿನಲ್ಲಿ ಇಳಿಯಿತು. ಕೆಂಚಪ್ಪನವರು ಸುಮ್ಮನೆ ಒಮ್ಮೆ ಹಾರ್ನು ಹೊಡೆದರು. ಎದುರಿಗೆ ಯಾರೂ ಇರಲಿಲ್ಲ.

"ಮರ ಇಲ್ದೆ ಹೆಂಗಮ್ಮ ಗೊತ್ತಾಯ್ತು?" ಎಂದು ನಿಶ್ಚಿತಾಳ ಮನೆಯ ಮುಂದೆ ಇಳಿದಮೇಲೆ ಸಾಬರು ಕೇಳಿದರು.

"ತಿರುವು ಬಂತು ಅಂದ್ರೆ ಇವರು ಉಸಿರು ಹಿಡ್ಕಂತಾರೆ. ಹಿಡ್ಕಳ್ಳಿ ಅಂತ ಕಾಯ್ತಿದ್ದೆ" ಎಂದರು ಹುಚ್ಚಮ್ಮನವರು. "ಇಷ್ಟು ವರ್ಷ ನನ್ನ ಗದ್ದಲದಾಗೆ ಅದು ನಂಗೇ ಕೇಳಿಸಿರ್ಲಿಲ್ಲ."

ಊಟಕ್ಕೆ ಮುಂಚೆ ತೀರ್ಥೇಶ ಹಿತ್ತಲಿಗೆ ಹೋಗಿ ಫೋನು ಮಾಡುತ್ತಿದ್ದುದು ಸಾಬರಿಗೆ ಕೇಳಿಸಿತು. "ಇಲ್ಲ ಸಾರ್, ಬರ್ಬೇಡಿ... ಗಾಡಿ ಕಂಡೀಷನ್ ಆಗೇ ಐತೆ ಸಾರ್... ಅದಲ್ಲ, ಗಾಡಿ ಒಂದನ್ನೇ ಕೊಡಕ್ಕಾಗಲ್ಲ. ಸ್ಟೇರಿಂಗ್ ನಮ್ಮವ್ವನ ಹತ್ರ ಐತೆ... ಹಲೋ? ಹಲೋ?"

ಹಳೆಯ ಬುಷ್ಷಿನ ಡಬ್ಬಿಯನ್ನು ಕೆಂಚಪ್ಪನವರು ಜೊತೆಗೇ ತಂದಿದ್ದರು, ಏಕೆಂದು ಅವರಿಗೂ ಗೊತ್ತಿರಲಿಲ್ಲ. ಹೆಸರಿಟ್ಟೊಡನೆ ಅಳತೊಡಗಿದ ಮರಿಮಗಳ ಮುಂದೆ ಅದನ್ನು ಗಲಗಲ ಆಡಿಸಿದರು. ಕೂಸು ಅಳು ನಿಲ್ಲಿಸಿತು. "ತಾತಾ, ಗ್ರೀಸು!" ಎಂದು ನಿಶ್ಚಿತಾ ಕಿತ್ತುಕೊಂಡಳು. ಕೂಸು ಮತ್ತೆ ಅತ್ತಿತು. ಡಬ್ಬಿ ಮತ್ತೆ ತಾತನ ಕೈಗೆ ಬಂತು, ಮುಚ್ಚಳ ಮಾತ್ರ ಬಿಗಿಯಾಗಿ ಹಾಕಿಸಿಕೊಂಡು.

ಸಾಬರು ಹೋಳಿಗೆಯ ಪೊಟ್ಟಣ ಹಿಡಿದು ಬಸ್ಸಿನಲ್ಲಿ ಕಡೂರಿಗೆ ಮರಳಿದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಜಾಹೇದಾ ಮಾರ್ಕೆಟ್ಟಿಗೆ ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಶನಿವಾರ ಸಾಬರು ಅಲ್ಲೇ ಬಿಟ್ಟುಹೋಗಿದ್ದ ಹಳೆಯ ಮೊಪೆಡ್ಡಿನಲ್ಲಿ ಇಬ್ಬರೂ ಮನೆಯ ಕಡೆ ಹೊರಟರು. ದಾರಿಯಲ್ಲಿ ಸಾಬರು ಎಲ್ಲವನ್ನೂ ಹೇಳಿದರು. ಮೂವತ್ತು ವರ್ಷ ಅದನ್ನು ಗೊಣಗಾಟವೆಂದು ತಿಳಿದ ಜನರನ್ನು ನೆನೆದು ನಕ್ಕರು.

ಅವರ ಬೀದಿಗೆ ಎಡಕ್ಕೆ ತಿರುಗಬೇಕು. ಅದಕ್ಕೆ ಒಂದು ದೀಪದ ಕಂಬದಷ್ಟು ಮುಂಚೆ ಸಾಬರ ಎಡ ಭುಜವನ್ನು ಎರಡು ಬೆರಳು ಮೆತ್ತಗೆ ತಟ್ಟಿದವು.

ಸಾಬರ ನಗು ನಿಂತಿತು. ಈ ಬೆರಳುಗಳು ಎಂದಿನಿಂದ ಹೀಗೆ ತಟ್ಟುತ್ತಿವೆ ಎಂದು ನೆನಪು ಮಾಡಿಕೊಳ್ಳಲು ನೋಡಿದರು. ಮೊಪೆಡ್ಡಿಗಿಂತ ಮುಂಚೆ ಸ್ಕೂಟರಿತ್ತು, ಅದಕ್ಕಿಂತ ಮುಂಚೆ ಸೈಕಲ್ಲಿತ್ತು. ಶುರು ಎಲ್ಲೆಂದು ಸಿಗಲಿಲ್ಲ.

ತಿರುವು ಬಂತು. ಎಡಕ್ಕೆ ತಿರುಗಿಸಿದರು.

"ಏನ್ ಜೀ, ಸುಮ್ಮನಾದ್ರಿ?" ಎಂದರು ಜಾಹೇದಾ ಹಿಂದಿನಿಂದ.

"ಏನಿಲ್ಲ. ಸರಿಯಾಗಿ ಕೂತಿದ್ಯಾ?"

"ಹೂಂ, ನೋಡ್ಕಂಡು ಹೋಗಿ" ಎಂದು ಜಾಹೇದಾ ಇನ್ನೊಮ್ಮೆ ತಟ್ಟಿದರು.